ಹದಿನೈದು ದಿನ ಮುಂದಿದ್ದ ಮೂಗು

ಯಸೋಜಿಗೆ ಮುಖ ಬರೆಯಲು ಬರುತ್ತಿರಲಿಲ್ಲ. ಅವನು ಬರೆದ ಗಣಿಕೆಯರೆಲ್ಲ ಹಲ್ಲುನೋವಿನಿಂದ ನರಳುತ್ತಿರುವವರಂತೆ ಕಾಣುತ್ತಿದ್ದರು. ಹೀಗಾಗಿ ಚಿತ್ರಕಾರ ಹಕುಸೆನ್‌ರ ಮನೆಯಲ್ಲಿ ಇಪ್ಪತ್ತಾರು ವರ್ಷ ಅವನಿಗೆ ಒಪ್ಪಿಸಿದ್ದು ಕುತ್ತಿಗೆಯಿಂದ ಕೆಳಗಿನ ಪ್ರಾಂತ್ಯವನ್ನು ಮಾತ್ರ. ಗುರುಗಳು ಮುಖವನ್ನೂ ಬೆರಳುಗಳನ್ನೂ ಬರೆದು, ಉಳಿದ ಮೈಯನ್ನು ನಾಲ್ಕು ಗೆರೆಗಳಲ್ಲಿ ಸೂಚಿಸಿ, ಹಾಳೆಯನ್ನು ಪಕ್ಕಕ್ಕೆ ಸರಿಸುವರು. ಆ ನಾಲ್ಕು ಗೆರೆಗಳಿಗೆ ಕಿಮೋನೊ ತೊಡಿಸಿ, ಅದರ ಮೇಲೆ ಋತುವಿಗೆ ತಕ್ಕ ಹೂವನ್ನೋ ಹಕ್ಕಿಯನ್ನೋ ಹರಿಯುವ ನೀರನ್ನೋ ಬರೆಯುವುದು ಯಸೋಜಿಯ ಪಾಲು. ಚಿತ್ರ ಮರದ ಅಚ್ಚಿಗೆ ಹೋಗಿ, ನೂರಾರು ಪ್ರತಿಗಳಾಗಿ ಅಂಗಡಿಗಳಲ್ಲಿ ತೂಗುವಾಗ ಮೂಲೆಯಲ್ಲಿ ಇರುತ್ತಿದ್ದ ಹೆಸರು ಗುರುಗಳದು.

“ಜನ ಮುಖ ನೋಡಿ ಕೊಳ್ತಾರೆ, ಬಟ್ಟೆ ನೋಡ್ಕೊಂಡು ಇಟ್ಕೋತಾರೆ” ಎಂದು ಅವನು ಹೇಳುತ್ತಿದ್ದ. ಹೇಳುವಾಗ ದನಿಯಲ್ಲಿ ಎಳ್ಳಷ್ಟೂ ಕೊರಗು ಇಲ್ಲದಂತೆ ನೋಡಿಕೊಳ್ಳುತ್ತಿದ್ದ. ಆದರೆ ಅಸಾಕುಸದ ಹಿಂದಿನ ಓಣಿಯ ನಮ್ಮ ವಠಾರದಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಒಂದೇ ಹಲಗೆಯ ಗೋಡೆ. ಹಳೆಯ ಹಾಳೆಗಳ ಅಂಚಿನಲ್ಲಿ ಅವನು ತನ್ನ ಹೆಸರನ್ನು ಬಗೆಬಗೆಯ ಶೈಲಿಗಳಲ್ಲಿ ಬರೆದು ನೋಡುತ್ತಿದ್ದುದೂ, ಹೆಂಡತಿ ಒಸೆಕಿ ಆ ಹಾಳೆಗಳಿಂದಲೇ ಒಲೆ ಹೊತ್ತಿಸುತ್ತಿದ್ದುದೂ ನನಗೆ ಗೊತ್ತಿತ್ತು.

ನಾನು ಔಷಧಿಯ ಬೇರು, ತೊಗಟೆ ಮಾರುವವನು. ಗಿಡಗಳ ಬಗ್ಗೆ ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದುವ, ಓದಿದ್ದನ್ನು ಅರ್ಧಕ್ಕರ್ಧ ನಂಬದಿರುವ ಚಟ ನನ್ನದು. ಯಸೋಜಿಯೊಡನೆ ಸ್ನೇಹ ಬೆಳೆದದ್ದು ಆ ಚಟದಿಂದಲೇ. ಏಕೆಂದರೆ ಅವನ ಕಸುಬಿನ ಗುಟ್ಟೆಲ್ಲ ಒಂದು ಗಿಡದಲ್ಲಿತ್ತು.

ಕಿಮೋನೊ ತೊಡುವ ಜನರಲ್ಲಿ ಒಂದು ಕಟ್ಟಳೆಯಿದೆ. ಬಟ್ಟೆಯ ಮೇಲಿನ ಹೂ ಮರದ ಹೂವಿಗಿಂತ ಮುಂಚೆ ಅರಳಬೇಕು. ಚಳಿಯಲ್ಲಿ ಮೈಮೇಲೆ ಪ್ಲಮ್ ಹೂ ಬರಬೇಕು, ಪ್ಲಮ್ ಅರಳುವ ಹೊತ್ತಿಗೆ ಚೆರ್ರಿ. ಚೆರ್ರಿ ಅರಳಿತೋ, ಅದನ್ನು ಮಡಿಸಿ ಪೆಟ್ಟಿಗೆಗೆ ಹಾಕಿ ಫುಜಿ ಬಳ್ಳಿಯ ನೇರಳೆ ಗೊಂಚಲುಗಳನ್ನು ಹೊರತೆಗೆಯಬೇಕು. ಅರಳಿ ನಿಂತ ಮರದ ಕೆಳಗೆ ಅದೇ ಹೂವಿನ ಬಟ್ಟೆಯುಟ್ಟು ನಿಲ್ಲುವುದಕ್ಕಿಂತ ದೊಡ್ಡ ಒರಟುತನ ಇನ್ನೊಂದಿಲ್ಲ. ಎಣ್ಣೆ ವ್ಯಾಪಾರಿಯೊಬ್ಬನ ಹೆಂಡತಿ ಒಮ್ಮೆ ಕೆಂದಾವರೆ ತುಂಬಿದ ಕೊಳದ ದಂಡೆಗೆ ಕೆಂದಾವರೆಯ ಕಿಮೋನೊ ಉಟ್ಟು ಹೋಗಿದ್ದಳು. ಅಂದಿನಿಂದ ಆಕೆಯನ್ನು ಎಲ್ಲರೂ ‘ಕಪ್ಪೆಯಮ್ಮ’ ಎಂದು ಕರೆಯುತ್ತಿದ್ದಾರೆ.

ಎಷ್ಟು ಮುಂಚೆ ಎನ್ನುವುದೇ ಕಷ್ಟದ ಪ್ರಶ್ನೆ. ಬೇರೆ ಚಿತ್ರಕಾರರ ಹೂಗಳು ಒಂದು ವರ್ಷ ತಿಂಗಳು ಮೊದಲೇ ಬಂದು ನಡುಗುತ್ತಿದ್ದವು, ಇನ್ನೊಂದು ವರ್ಷ ಎರಡು ದಿನ ತಡವಾಗಿ ನಾಚುತ್ತಿದ್ದವು. ಯಸೋಜಿಯವು ಮಾತ್ರ ಹನ್ನೊಂದು ವರ್ಷಗಳಿಂದ ಸರಿಯಾಗಿ ಹದಿನೈದು ದಿನ ಮುಂದೆ. ಬಟ್ಟೆ ಅಂಗಡಿಯವರು ಅವನ ಚಿತ್ರ ನೋಡಿ ಬಣ್ಣ ಹಾಕಿಸುತ್ತಿದ್ದರು. ‘ಯಸೋಜಿಯ ಮೂಗು’ ಎಂದರೆ ಆ ಬೀದಿಗಳಲ್ಲಿ ಒಂದು ಅಳತೆಯ ಹೆಸರಾಗಿತ್ತು.

ಆ ಮೂಗಿನ ನಿಜರೂಪ, ನಮ್ಮ ವಠಾರದ ಹಿತ್ತಲಿನಲ್ಲಿ ಪಕ್ಕದ ಸ್ನಾನದ ಮನೆಯ ಗೋಡೆಗೆ ಒರಗಿದ್ದ ಒಂದು ಕುಂಡ. ಅದರಲ್ಲಿ ಮೊಣಕಾಲೆತ್ತರದ ಪ್ಲಮ್ ಗಿಡ. ವರ್ಷದ ಅತಿ ಗಿಡ್ಡ ಹಗಲಿನಂದು ಸ್ನಾನದ ಮನೆಯಲ್ಲಿ ನಿಂಬೆಯಂಥ ಯುಜು ಹಣ್ಣುಗಳನ್ನು ಬಿಸಿನೀರಿಗೆ ಹಾಕುತ್ತಾರೆ. ಅಂದು ಮಿಂದು ಬಂದವನೇ ಯಸೋಜಿ ಕುಂಡದ ಕೊಂಬೆಗೆ ಒಂದು ದಾರ ಕಟ್ಟಿ ದಿನಕ್ಕೊಂದು ಗಂಟು ಹಾಕುತ್ತ ಹೋಗುವನು. ನಲವತ್ತನೆಯ ಗಂಟಿನ ಆಸುಪಾಸಿಗೆ ಮೊದಲ ಹೂ ಬಿಡುತ್ತಿತ್ತು. ಆ ದಿನದಿಂದ ಇಷ್ಟು ದಿನಕ್ಕೆ ಚೆರ್ರಿ, ಇಷ್ಟಕ್ಕೆ ಫುಜಿ, ಇಷ್ಟಕ್ಕೆ ಕೆಂಪು ಮೇಪಲ್ ಎಲೆ ಎಂದು ವರ್ಷದ ಲೆಕ್ಕವೆಲ್ಲ ಅವನ ತಲೆಯಲ್ಲಿ ಸಿದ್ಧವಾಗುತ್ತಿತ್ತು. ಗುರುಗಳಿಗೂ ಈ ಗುಟ್ಟು ತಿಳಿದಿರಲಿಲ್ಲ. ಒಸೆಕಿಗೆ ತಿಳಿದಿತ್ತು, ಹಲಗೆಯ ಗೋಡೆಯ ದೆಸೆಯಿಂದ ನನಗೂ.

ಆ ವರ್ಷ ಅಧಿಕ ಮಾಸ ಬಂತು. ಮೊದಲ ತಿಂಗಳು ಮುಗಿದ ಮೇಲೆ ಮತ್ತೊಂದು ಮೊದಲ ತಿಂಗಳು. ಓಣಿಯ ಸೋಮಾರಿಗಳು ಹೊಸ ವರ್ಷದ ಸಂಕಲ್ಪಗಳನ್ನು ಇನ್ನೊಂದು ತಿಂಗಳು ಮುಂದಕ್ಕೆ ಹಾಕಿ ನೆಮ್ಮದಿಯಾಗಿದ್ದರು. ಬಟ್ಟೆ ವ್ಯಾಪಾರಿಗಳಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಗಣಿಕೆಯರ ಕೇರಿಯಾದ ಯೊಶಿವಾರದ ನಡುಬೀದಿಯಲ್ಲಿ ವರ್ಷವಿಡೀ ಒಂದು ಮರವೂ ಇರುವುದಿಲ್ಲ. ಮೂರನೆಯ ತಿಂಗಳ ಮೊದಲ ದಿನಕ್ಕೆ ಮಾಲಿಗಳು ಚೆರ್ರಿ ಮರಗಳನ್ನು ಬೇರುಸಹಿತ ಗಾಡಿಯಲ್ಲಿ ತಂದು ಸಾಲಾಗಿ ನೆಡುತ್ತಾರೆ, ತಿಂಗಳ ಕೊನೆಗೆ ಕಿತ್ತೊಯ್ಯುತ್ತಾರೆ. ಆ ಮೊದಲ ದಿನ ಹೆಸರಾಂತ ಗಣಿಕೆಯರು ಹೊಸ ಕಿಮೋನೊ ತೊಟ್ಟು ಬೀದಿಯುದ್ದಕ್ಕೂ ನಡೆಯುತ್ತಾರೆ. ಅದೇ ದಿನ ಅದೇ ಉಡುಪಿನ ಚಿತ್ರಗಳೂ ಮಾರಾಟಕ್ಕೆ ಬರುತ್ತವೆ. ಈ ಸಲ ಅಧಿಕ ಮಾಸದಿಂದಾಗಿ ಆ ದಿನ ತಡವಾಗಿ ಬರುತ್ತಿತ್ತು. ಆದರೆ ಚಳಿಯೂ ಹೋಗುವ ಸೂಚನೆ ಕೊಟ್ಟಿರಲಿಲ್ಲ. ಬಟ್ಟೆಯ ಮೇಲೆ ಚೆರ್ರಿಯೋ, ಫುಜಿಯೋ?

ಈ ಪ್ರಶ್ನೆ ಹೊತ್ತು ರೇಷ್ಮೆ ವ್ಯಾಪಾರಿ ಇಹೆಯಿ ಸ್ವತಃ ನಮ್ಮ ವಠಾರಕ್ಕೆ ಬಂದರು. ಸ್ಥೂಲಕಾಯರು, ಅವರು ಓಣಿಗೆ ಹೊಕ್ಕರೆ ಎದುರು ಬಂದವರು ಹಿಂದೆ ಸರಿಯಬೇಕಾಗುತ್ತಿತ್ತು. ಆ ವರ್ಷ ಗಣಿಕೆ ಹಮಾಗಿನುವಿನ ಉಡುಪಿನ ಹೊಣೆಯೂ ಚಿತ್ರದ ಖರ್ಚೂ ಅವರದು.

“ನಿಮ್ಮ ಗುರುಗಳು ಫುಜಿ ಅಂತಾರೆ. ತಾರೀಖು ತಡ ಆಯ್ತು, ಅಷ್ಟೊತ್ತಿಗೆ ಚೆರ್ರಿ ಅರಳಿರುತ್ತೆ ಅಂತ. ನನ್ನ ಗುಮಾಸ್ತ ಚೆರ್ರಿ ಅಂತಾನೆ. ಇಬ್ಬರನ್ನೂ ನಾನು ನಂಬಲ್ಲ ಕಣಪ್ಪಾ. ನಿನ್ನ ಮೂಗು ಏನು ಹೇಳುತ್ತೆ, ಅದನ್ನ ಹೇಳು.”

“ಇನ್ನೂ ಏನೂ ಹೇಳಿಲ್ಲ ಯಜಮಾನ್ರೇ. ಸ್ವಲ್ಪ ದಿನ ಕಾಯ್ಬೇಕು.”

“ಮೂಗಿಗೆ ಶೀತ ಆಗಿದ್ಯಾ?” ಎಂದು ಇಹೆಯಿ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ನೋಡು, ಈ ಸಲ ಸರಿ ಹೋದ್ರೆ ಚಿತ್ರದಲ್ಲಿ ಗುರುಗಳ ಹೆಸರಿನ ಪಕ್ಕ ನಿನ್ನ ಹೆಸರೂ ಹಾಕಿಸ್ತೀನಿ. ‘ಉಡುಪು, ಯಸೋಜಿ’ ಅಂತ. ಅವರ ಹತ್ರ ಮಾತಾಡಾಗಿದೆ.”

ಅವರು ಹೋದ ಮೇಲೆ ಯಸೋಜಿ ಹಿತ್ತಲಿಗೆ ಹೋಗಿ, ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೊಗ್ಗುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ರೀ, ಹಾಗೆ ದಿಟ್ಟಿಸಿದ್ರೆ ಅದು ಅರಳುತ್ತೇನ್ರೀ? ನಾನಾಗಿದ್ರೆ ಮುದುಡ್ಕೊಂಡು ಬಿಡ್ತಿದ್ದೆ” ಎಂದಳು ಒಸೆಕಿ.

ಒಸೆಕಿ ಹಮಾಗಿನು ಇದ್ದ ಮನೆಯಲ್ಲಿ ಹೊಲಿಗೆಯವಳು. ದಿನವೂ ಬೆಳಿಗ್ಗೆ ಯೊಶಿವಾರದ ಹೆಬ್ಬಾಗಿಲಲ್ಲಿ ಚೀಟಿ ತೋರಿಸಿ ಒಳಹೋಗಿ ಸಂಜೆ ಚೀಟಿ ತೋರಿಸಿ ಹೊರಬರುವಳು. ಗಂಡ ಕಾಗದದ ಮೇಲೆ ಬರೆದದ್ದನ್ನು ಹೆಂಡತಿ ರೇಷ್ಮೆಯಲ್ಲಿ ಹೊಲಿಯುತ್ತಾಳೆಂದು ಓಣಿಯಲ್ಲಿ ಚೇಷ್ಟೆಯಿತ್ತು. “ಕಾಗದದಲ್ಲಿ ತೋಳು ಬೇಕಾದಷ್ಟು ಉದ್ದ ಬರೀತಾರೆ. ಬಟ್ಟೆ ಸಾಲದೆ ಹೋದ್ರೆ ಅವರ ಮೂಗಿಂದ ತರ್ಲಾ?” ಎಂದು ಅವಳ ಉತ್ತರ.

ನಲವತ್ತನೆಯ ಗಂಟು ದಾಟಿತು. ಗಿಡ ಅಲುಗಲಿಲ್ಲ. ನಲವತ್ತೆಂಟು, ಐವತ್ತು. ಯಸೋಜಿ ಊಟ ಬಿಟ್ಟ. ಐವತ್ತೈದನೆಯ ಬೆಳಿಗ್ಗೆ ಹಿತ್ತಲಿನಿಂದ ಬಂದ ಕೂಗಿಗೆ ವಠಾರದ ಆರೂ ಮನೆಯವರು, ಎಲ್ಲೋ ಬೆಂಕಿ ಬಿತ್ತೆಂದು, ಬಕೀಟು ಹಿಡಿದು ಓಡಿದೆವು. ಬಿಳಿಯ ಹೂವೊಂದು ಅರಳಿತ್ತು.

“ಹದಿನೈದು ದಿನ ತಡ! ವಸಂತ ಈ ಸಲ ಹದಿನೈದು ದಿನ ಹಿಂದಿದೆ ಕಣಯ್ಯಾ” ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದ. “ಅಧಿಕ ಮಾಸ ತಾರೀಖನ್ನ ತಳ್ತು, ಚಳಿ ಹೂವನ್ನ ತಳ್ತು. ಒಂದನೇ ತಾರೀಖಿಗೆ ಮರದಲ್ಲಿ ಬರೀ ಮೊಗ್ಗು. ಚೆರ್ರಿನೇ ಸರಿ!”

ಲೆಕ್ಕ ಚೊಕ್ಕಟವಾಗಿತ್ತು. ನಾನೂ ತಲೆದೂಗಿದೆ. ಹನ್ನೊಂದು ವರ್ಷ ಒಂದೇ ಸಮನೆ ನಿಜವಾದ ಸೂತ್ರವನ್ನು ಅನುಮಾನಿಸುವುದಕ್ಕೆ ನಾಚಿಕೆಯಾಗುತ್ತದೆ, ಅನುಮಾನವೇ ಚಟವಾಗಿರುವವನಿಗೂ.

ಅವನು ಬರೆದ ಕಿಮೋನೊ, ಸುಳ್ಳೇಕೆ ಹೇಳಲಿ, ನಾನು ಕಂಡವುಗಳಲ್ಲೆಲ್ಲ ಚೆಲುವಾದದ್ದು. ತಿಳಿಹಳದಿಯ ನೆಲದ ಮೇಲೆ ಮೊಣಕಾಲಿನಿಂದ ಕೆಳಕ್ಕೆ ನಲವತ್ತಮೂರು ಚೆರ್ರಿ ಹೂಗಳು, ಒಂದರಂತೆ ಇನ್ನೊಂದಿಲ್ಲ. ಕೆಳ ಅಂಚು ಒಂದಿಷ್ಟು ಮಡಿಸಿ ಒಳಮೈಯ ಬೂದುನೀಲಿ ಅಸ್ತರು ಕಾಣುತ್ತಿತ್ತು. ಹಾಳೆ ಅಚ್ಚು ಕೆತ್ತುವ ಗೆನ್‌ಶಿಚಿಯ ಕೈ ಸೇರಿತು. ರೇಷ್ಮೆ ಬಣ್ಣದವರ ಬಳಿ ಹೋಗಿ ಹೂ ತುಂಬಿಕೊಂಡು ಒಸೆಕಿಯ ಸೂಜಿಗೆ ಬಂತು. ಗೆನ್‌ಶಿಚಿ ಗುರುಗಳ ಹೆಸರಿನ ಪಕ್ಕ ‘ಉಡುಪು, ಯಸೋಜಿ’ ಎಂದು ಕೆತ್ತಿದ ದಿನದಿಂದ ಯಸೋಜಿಗೆ ಆ ದಾರಿಯಲ್ಲೇ ಕೆಲಸಗಳು ಹುಟ್ಟತೊಡಗಿದವು.

“ಇವತ್ತು ಏನು ನೆಪ?” ಎಂದು ಗೆನ್‌ಶಿಚಿ ಉಳಿಯಿಂದ ಕಣ್ಣೆತ್ತದೆ ಕೇಳುವನು.

“ಈ ಕಡೆ ತೋಫು ಚೆನ್ನಾಗಿರುತ್ತೆ ಅಂದ್ರು.”

“ತೋಫು ಅಂಗಡಿ ಹಿಂದಿನ ಬೀದೀಲಿದೆ ಕಣೋ. ಬಾ, ನೋಡ್ಕೊಂಡು ಹೋಗು. ಮುಟ್ಬೇಡ. ನೆಕ್ಕಬೇಡ.”

ಮೊದಲ ದಿನಕ್ಕೆ ಇನ್ನು ಒಂಬತ್ತು ದಿನಗಳಿವೆ ಎನ್ನುವಾಗ ಒಂದು ಸಂಜೆ ಒಸೆಕಿ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತಳು.

“ನಡುಬೀದೀಲಿ ಗುಂಡಿ ತೋಡೋಕೆ ಶುರು ಮಾಡಿದಾರೆ. ಮಾಲಿಗಳು ಮಾತಾಡ್ಕೋತಿದ್ರು, ಕೇಳಿಸ್ಕೊಂಡೆ. ಗುಡ್ಡದ ಕಡೆ ಚೆರ್ರಿ ಆಗಲೇ ಉದುರಿ ಹೋಯ್ತಂತೆ. ಬೀದಿಗೆ ತರೋ ಮರಗಳನ್ನ ಅರಳದ ಹಾಗೆ ಹಿಡಿದಿಡೋಕೆ ಒದ್ದಾಡ್ತಿದಾರಂತೆ.”

ಯಸೋಜಿ ಕುಂಚವನ್ನು ಕೆಳಗಿಟ್ಟ. “ಯಾವ ಗುಡ್ಡ?”

“ಗುಡ್ಡ ಅಂದ್ರೆ ಗುಡ್ಡ ರೀ. ನಿಮ್ಮ ಕುಂಡ ಅಲ್ಲ.”

ಮರುದಿನ ಬೆಳಿಗ್ಗೆ ನಾವಿಬ್ಬರೂ ಸುಗಾಮೊದ ಮಾಲಿಗಳ ತೋಟಕ್ಕೆ ನಡೆದೆವು. ಇಪ್ಪತ್ತಾರು ವರ್ಷ ಚೆರ್ರಿ ಬರೆದವನು ಮರ ನೋಡಲೆಂದೇ ಹೊರಟದ್ದು ಅದೇ ಮೊದಲು. ಬೇರಿಗೆ ಹುಲ್ಲಿನ ಚಾಪೆ ಸುತ್ತಿದ ಮರಗಳು ಚಪ್ಪರದ ತಂಪಿನಲ್ಲಿ ಸಾಲಾಗಿ ನಿಂತಿದ್ದವು. ಎಲ್ಲ ಮೊಗ್ಗುಗಳ ತುದಿಯೂ ಬಣ್ಣ ಒಡೆದಿತ್ತು.

“ಒಂದನೇ ತಾರೀಖಿಗೆ ಎಷ್ಟು ಅರಳಿರುತ್ತೆ ತಾತಾ?” ಎಂದು ಯಸೋಜಿ ಮುದುಕ ಮಾಲಿಯನ್ನು ಕೇಳಿದ.

“ಎಷ್ಟು ಅಂದ್ರೆ? ಪೂರ್ತಿ! ಬಿಸಿಲಿಗೆ ಬಿಟ್ಟಿದ್ರೆ ಇಷ್ಟೊತ್ತಿಗೆ ಉದುರಿರ್ತಿತ್ತು. ಇದನ್ನ ಮಲಗಿಸಿ ಮಲಗಿಸಿ ನನಗೇ ನಿದ್ದೆ ಇಲ್ಲ.”

ಹಿಂದಿರುಗಿ ವಠಾರ ತಲುಪಿದ ಮೇಲೆ ಯಸೋಜಿ ನೇರ ಹಿತ್ತಲಿಗೆ ಹೋಗಿ ಕುಂಡದ ಮುಂದೆ ನಿಂತ, ಸಾಲ ತೆಗೆದುಕೊಂಡು ಸುಳ್ಳು ಹೇಳಿದ ನೆಂಟನನ್ನು ನೋಡುವವನಂತೆ. ನಾನೂ ಅವನ ಬಳಿ ನಿಂತು, ಆಯಾಸಕ್ಕೆ ಗೋಡೆಗೆ ಕೈ ಊರಿದೆ. ಗೋಡೆ ತಣ್ಣಗಿತ್ತು.

ಅದು ಯಾವಾಗಲೂ ತಣ್ಣಗಿರುತ್ತಿತ್ತೇ? ಹೋದ ವರ್ಷದ ಚಳಿಗಾಲದಲ್ಲಿ ಒಸೆಕಿ ಒದ್ದೆ ಕಾಲುಚೀಲಗಳನ್ನು ಅದೇ ಗೋಡೆಗೆ ಅಂಟಿಸಿ ಒಣಗಿಸುತ್ತಿದ್ದುದು ನೆನಪಾಯಿತು. ಬೆಕ್ಕುಗಳು ಕುಂಡದ ಪಕ್ಕದಲ್ಲೇ ಮಲಗುತ್ತಿದ್ದವು. ಈ ವರ್ಷ ಒಂದು ಬೆಕ್ಕನ್ನೂ ಅಲ್ಲಿ ಕಂಡಿರಲಿಲ್ಲ. ನಾನು ಸ್ನಾನದ ಮನೆಯ ಕುಮಾಜೊನನ್ನು ಕೂಗಿದೆ.

“ಒಲೆನಾ? ಶರತ್ಕಾಲದಲ್ಲೇ ಆ ಕಡೆಗೆ ಹಾಕ್ಸಿದ್ನಲ್ಲಾ! ಹಳೇ ಒಲೆ ಬಿರುಕು ಬಿಟ್ಟಿತ್ತು. ಈಗ ಹೆಂಗಸರ ಕಡೆ ಗೋಡೆಗಿದೆ. ಯಾಕೆ, ನೀರು ಬಿಸಿ ಸಾಲ್ದಾ?”

ನೀರಿನ ಬಿಸಿ ಸಾಕಷ್ಟಿತ್ತು. ಹನ್ನೊಂದು ವರ್ಷ ಆ ಗಿಡ ಬೆನ್ನಿಗೆ ಒಲೆ ಇಟ್ಟುಕೊಂಡು ಹದಿನೈದು ದಿನ ಮೊದಲೇ ಹೂ ಬಿಟ್ಟಿತ್ತು. ಆ ಹುಸಿ ವಸಂತದಿಂದ ದಿನ ಎಣಿಸಿದ ಯಸೋಜಿಯ ಹೂಗಳೆಲ್ಲ ಹದಿನೈದು ದಿನ ಮುಂದಿದ್ದವು, ಊರು ಅದನ್ನು ಅಭಿರುಚಿ ಎಂದು ಕರೆದಿತ್ತು. ಈ ವರ್ಷ ಗಿಡ ಮೊದಲ ಬಾರಿಗೆ ನಿಜ ನುಡಿದಿತ್ತು. ಅದರ ಕಾಲ ತಡವಾಗಿರಲಿಲ್ಲ. ಎಲ್ಲ ಪ್ಲಮ್ ಗಿಡಗಳೂ ಅರಳುವ ದಿನಕ್ಕೇ ಅರಳಿತ್ತು. ಆ ಹೊತ್ತಿಗೆ ಒಸೆಕಿಯೂ ಕೆಲಸದಿಂದ ಬಂದು ನಮ್ಮ ಬಳಿ ನಿಂತಿದ್ದಳು. ನಾನು ಇದನ್ನು ಆದಷ್ಟು ಮೆತ್ತಗೆ ವಿವರಿಸಿದೆ.

“ಅಂದ್ರೆ ನನಗೆ ಮೂಗೇ ಇರ್ಲಿಲ್ಲ ಅಂತೀಯಾ?”

“ಗೋಡೆಗಿತ್ತು” ಎಂದಳು ಒಸೆಕಿ.

ಯಾರೂ ನಗಲಿಲ್ಲ, ಅವಳೂ ನಗಲಿಲ್ಲ. ಯಸೋಜಿ ಕುಂಡದ ಪಕ್ಕದಲ್ಲಿ ನೆಲದ ಮೇಲೇ ಕುಳಿತ. “ಹೇಳಿದ್ರೆ ಹೆಸರು ಹೋಯ್ತು. ಹೇಳ್ದೆ ಇದ್ರೆ ಹೆಸರು ಇರುತ್ತೆ, ಬೀದಿ ತುಂಬ ನಗ್ತಾರೆ” ಎಂದು ಲೆಕ್ಕ ಹಾಕಿದ. “ನಕ್ಕರೆ ನಗ್ಲಿ. ಅಚ್ಚಲ್ಲಿ ಕೆತ್ತಿದ ಹೆಸರು ನಕ್ಕರೆ ಅಳಿಸಿ ಹೋಗುತ್ತಾ?”

“ನಗೋದು ನಿಮ್ಮ ಎದುರಿಗಲ್ಲ ರೀ” ಎಂದಳು ಒಸೆಕಿ. “ನೀವು ಮನೇಲಿ ಕೂತಿರ್ತೀರಿ. ಆ ಹುಡುಗಿ ಗೇಣುದ್ದದ ಮರದ ಚಪ್ಪಲಿ ಮೇಲೆ, ಬೀದಿ ಈ ತುದಿಯಿಂದ ಆ ತುದಿಗೆ, ಮರದ ಕೆಳಗೆ ಮರ ಉಟ್ಕೊಂಡು ನಡೀಬೇಕು. ಕಪ್ಪೆಯಮ್ಮನಾದ್ರೂ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಇವಳು ಎಲ್ಲಿಗೆ ಹೋಗ್ತಾಳೆ? ಹೆಬ್ಬಾಗಿಲಲ್ಲಿ ಇವಳಿಗೆ ಚೀಟಿ ಇಲ್ಲ.”

ಯಸೋಜಿ ಬಹಳ ಹೊತ್ತು ಕುಂಡದ ಮಣ್ಣನ್ನು ಕೆದಕುತ್ತ ಕುಳಿತ. ಆಮೇಲೆ ಎದ್ದು, ಕೈ ಒರೆಸಿಕೊಂಡು, ಇರುವುದರಲ್ಲಿ ಒಳ್ಳೆಯ ಮೇಲಂಗಿಯನ್ನು ನಾಳೆಗೆಂದು ಹೊರತೆಗೆದ.

ಮಾರನೆಯ ದಿನ ಹಮಾಗಿನುವಿನ ಮನೆಯ ಹೊಲಿಗೆ ಕೋಣೆಯಲ್ಲಿ ಇಹೆಯಿ ಸಿದ್ಧವಾದ ಕಿಮೋನೊ ನೋಡಲು ಬಂದಿದ್ದರು. ಆ ಮನೆಗೆ ಕೆಮ್ಮಿನ ಕಷಾಯದ ಬೇರು ಕೊಡುವವನು ನಾನಾದ್ದರಿಂದ ನನಗೂ ಒಂದು ಮೂಲೆ ಸಿಕ್ಕಿತು. ಯಸೋಜಿ ಹಣೆ ನೆಲಕ್ಕೆ ಮುಟ್ಟಿಸಿ ಎಲ್ಲವನ್ನೂ ಹೇಳಿದ: ಕುಂಡ, ಗಂಟು, ಗೋಡೆ, ಒಲೆ.

ಇಹೆಯಿಯ ಮುಖ ಮೊದಲು ಕೆಂಪಾಯಿತು, ಆಮೇಲೆ ಬೂದಿಬಣ್ಣವಾಯಿತು. “ಹನ್ನೊಂದು ವರ್ಷ... ನಾನು ಒಂದು ಸ್ನಾನದ ಮನೆಯ ಒಲೆಯ ಮಾತು ಕೇಳಿ ರೇಷ್ಮೆಗೆ ಬಣ್ಣ ಹಾಕಿಸಿದ್ನಾ?”

“ಹೌದು ಯಜಮಾನ್ರೇ.”

“ಬೇರೆ ಯಾರಿಗೆ ಗೊತ್ತು ಇದು?”

“ಬೆಕ್ಕುಗಳಿಗೆ” ಎಂದೆ ನಾನು. ಹೇಳಬಾರದಿತ್ತು.

ಹಮಾಗಿನು ಗೋಡೆಗೊರಗಿ ಅಕ್ಕಿಯ ಹಪ್ಪಳ ಕಡಿಯುತ್ತಿದ್ದಳು. ಚಿತ್ರಗಳಲ್ಲಿ ಅವಳು ಹಪ್ಪಳ ತಿನ್ನುವುದಿಲ್ಲ. “ಮರಗಳು ಗಾಡೀಲಿ ಬರ್ತವೆ, ತಿಂಗಳಿಗೆ ಗಾಡೀಲೇ ಹೋಗ್ತವೆ. ಹೆಬ್ಬಾಗಿಲಲ್ಲಿ ಯಾರೂ ತಡೆಯಲ್ಲ” ಎಂದಳು. “ಅವುಗಳ ಜೊತೆ ನಾನು ಪೈಪೋಟಿಗೆ ನಿಲ್ಲಲ್ಲ ಒಸೆಕಿ ಅಕ್ಕಾ. ಇದನ್ನ ಉಡಲ್ಲ.”

“ಏಳು ದಿನದಲ್ಲಿ ಬೇರೆ ರೇಷ್ಮೆ ಎಲ್ಲಿಂದ ತರ್ಲಿ ನಾನು?” ಎಂದು ಇಹೆಯಿ ತಲೆ ಹಿಡಿದುಕೊಂಡರು.

ಒಸೆಕಿ ಇಷ್ಟು ಹೊತ್ತು ಕಿಮೋನೊದ ಅಂಚನ್ನು ಬೆರಳುಗಳ ನಡುವೆ ಹೊಸಕುತ್ತಿದ್ದಳು. “ಬೇರೆ ರೇಷ್ಮೆ ಯಾಕೆ? ತಿರುಗಿಸಿದ್ರೆ ಆಯ್ತಲ್ಲ” ಎಂದಳು.

“ಏನನ್ನ ತಿರುಗಿಸೋದು?”

“ಇದನ್ನೇ. ಕಿಮೋನೊ ಅಂದ್ರೆ ಉದ್ದುದ್ದ ಪಟ್ಟಿಗಳು. ಬಿಚ್ಚಿದ್ರೆ ಬಿಚ್ಚಿಕೊಳ್ತವೆ, ಪ್ರತಿ ಸಲ ಒಗೆಯೋವಾಗ ಬಿಚ್ಚಲ್ವಾ? ಬೂದುನೀಲಿ ಅಸ್ತರನ್ನ ಹೊರಕ್ಕೆ ಹಾಕಿ, ಹೂವಿನ ಬಟ್ಟೇನ ಒಳಕ್ಕೆ ಹಾಕಿ ಹೊಲೀತೀನಿ. ಹೊರಗೆ ಒಂದು ಹೂವೂ ಇಲ್ಲ. ಮರಕ್ಕೆ ಅದರ ಪಾಡಿಗೆ ಅರಳೋಕೆ ಬಿಡಿ. ಹಮಾಗಿನು ಹೆಜ್ಜೆ ಹಾಕಿದಾಗ, ಅಂಚು ಒದ್ದಾಗ, ಒಳಗಿಂದ ಇಷ್ಟೇ ಇಷ್ಟು ಕಾಣುತ್ತೆ.”

ಹಮಾಗಿನು ಹಪ್ಪಳ ಕೆಳಗಿಟ್ಟು, ಎದ್ದು, ಬರಿಗಾಲಲ್ಲೇ ಆ ಪ್ರಸಿದ್ಧ ನಡಿಗೆಯ ಒಂದು ಹೆಜ್ಜೆ ಹಾಕಿ, ಅಂಚು ಒದ್ದು ನೋಡಿದಳು. “ಮಡಿಕೇಲಿ ಬಚ್ಚಿಟ್ಟ ಹಾಗೆ” ಎಂದು ಕಿಲಕಿಲ ನಕ್ಕಳು. “ಇದನ್ನ ಉಡ್ತೀನಿ.”

ಚಿತ್ರವನ್ನೂ ತಿದ್ದಬೇಕಿತ್ತು. ಮರದ ಅಚ್ಚಿನಲ್ಲಿ ಹೊಸ ಗೆರೆ ಸೇರಿಸುವುದು ಕಷ್ಟ. ಇರುವ ಗೆರೆಯನ್ನು ತೆಗೆಯುವುದು ಸುಲಭ, ಉಬ್ಬಿದ್ದನ್ನು ಹೆರೆದರೆ ಸಾಕು. ಆ ಸಂಜೆಯೇ ಗೆನ್‌ಶಿಚಿಯ ಅಂಗಡಿಯಲ್ಲಿ ನಲವತ್ತಮೂರು ಹೂಗಳೂ ಚಕ್ಕೆಗಳಾಗಿ ಎದ್ದು ಬಂದವು. ಯಸೋಜಿ ಪ್ರತಿಯೊಂದನ್ನೂ ನೋಡುತ್ತ ನಿಂತಿದ್ದ.

“ಬೇಕಾದ್ರೆ ಈ ಚಕ್ಕೆಗಳನ್ನ ಕಟ್ಕೊಂಡು ಹೋಗು. ಒಲೆಗೆ ಆಗ್ತವೆ” ಎಂದ ಗೆನ್‌ಶಿಚಿ.

“ಒಲೆ ಮಾತು ಎತ್ತಬೇಡ ಕಣೋ.”

ಮಡಿಸಿದ ಅಂಚಿನ ಜಾಗದಲ್ಲಿ ಮಾತ್ರ ಗೆನ್‌ಶಿಚಿ ಅಂಗೈಯಗಲದ ಮರದ ತುಂಡನ್ನು ತೆಗೆದು ಹೊಸ ತುಂಡು ಕೂರಿಸಿದ. ಅದರ ಮೇಲೆ ಯಸೋಜಿ ಏಳು ಹೂ ಬರೆದುಕೊಟ್ಟ. ಗೆನ್‌ಶಿಚಿ ಅವನ್ನು ಕೆತ್ತಿ ಮುಗಿಸಿ ಉಳಿಯನ್ನು ಮೂಲೆಯ ಹೆಸರಿನ ಕಡೆ ತಿರುಗಿಸಿದ. “ಇದನ್ನೂ ತೆಗೀಲಾ ಯಜಮಾನ್ರೇ?” ಎಂದು ಜೊತೆಗೆ ಬಂದಿದ್ದ ಇಹೆಯಿಯನ್ನು ಕೇಳಿದ. “ಉಡುಪು, ಯಸೋಜಿ ಅಂತಿದೆ. ಉಡುಪಲ್ಲಿ ಏನೂ ಇಲ್ಲ.”

ಯಸೋಜಿ ಬೇರೆ ಕಡೆ ನೋಡಿದ. ಅವನ ಕಿವಿಗಳು ಮಾತ್ರ ಕೆಂಪಾಗಿದ್ದುದು ನನಗೆ ಕಾಣುತ್ತಿತ್ತು.

ಇಹೆಯಿ ಗಲ್ಲ ಕೆರೆದುಕೊಂಡರು. ವ್ಯಾಪಾರಿಯ ತಲೆ ಕೆಲಸ ಮಾಡುವುದು ಚಿತ್ರಕಾರನ ತಲೆಯಂತಲ್ಲ. “ಇರ್ಲಿ, ಬಿಡು” ಎಂದರು ಕೊನೆಗೆ. “ಚೆರ್ರಿ ತಿಂಗಳಲ್ಲಿ ಖಾಲಿ ಕಿಮೋನೊ ಕಳಿಸಿದ್ದು ಯಾರು ಅಂತ ಊರು ಕೇಳುತ್ತೆ. ಬಯ್ಯೋಕೆ ಒಂದು ಹೆಸರು ಬೇಕಲ್ಲ. ನನ್ನದಾಗೋದಕ್ಕಿಂತ ಇವನದೇ ಆಗ್ಲಿ.”

ಹೀಗೆ ಹೆಸರು ಉಳಿಯಿತು.

ಮೂರನೆಯ ತಿಂಗಳ ಮೊದಲ ದಿನ ಮಧ್ಯಾಹ್ನ ನಡುಬೀದಿಯಲ್ಲಿ ಮರಗಳು ಮುದುಕ ಮಾಲಿ ಹೇಳಿದಂತೆಯೇ ಪೂರ್ತಿ ಅರಳಿದ್ದವು. ಮೊದಲು ಬಂದ ಇಬ್ಬರು ಗಣಿಕೆಯರು ಫುಜಿಯ ಗೊಂಚಲುಗಳನ್ನು ಉಟ್ಟಿದ್ದರು. ಸರಿಯಾಗಿಯೇ ಇತ್ತು, ಜನ ಮೆಚ್ಚಿ ತಲೆಯಾಡಿಸಿದರು. ಮೂರನೆಯವಳ ಮೈಮೇಲೆ ಚೆರ್ರಿ ಇತ್ತು. ಇನ್ಯಾವುದೋ ಮನೆಯಲ್ಲಿ ಇನ್ಯಾವುದೋ ಲೆಕ್ಕ ತಪ್ಪಿತ್ತು. ಬೀದಿಯ ಎರಡೂ ಬದಿಯಿಂದ ಬೀಸಣಿಗೆಗಳ ಹಿಂದೆ ನಗೆ ಹರಿಯಿತು. ಯಸೋಜಿ ನನ್ನ ತೋಳು ಹಿಡಿದುಕೊಂಡ.

ಆಮೇಲೆ ಬಂದಳು ಹಮಾಗಿನು. ಅಷ್ಟು ಹೂವಿನ ನಡುವೆ ಬೂದುನೀಲಿಯ ಒಂದು ಮೌನ ನಡೆದು ಬಂದಂತಿತ್ತು. ಒಂದು ಕ್ಷಣ ಯಾರಿಗೂ ಏನು ನೋಡಬೇಕೆಂದು ತಿಳಿಯಲಿಲ್ಲ. ಅವಳು ಪಾದವನ್ನು ಹೊರಕ್ಕೆ ಅರೆಚಂದ್ರದಂತೆ ಬೀಸಿ ಹೆಜ್ಜೆಯಿಟ್ಟಳು. ಅಂಚು ಚಿಮ್ಮಿತು, ಹಳದಿಯ ಮೇಲೆ ಮೂರು ಹೂ ಮಿನುಗಿ ಮುಚ್ಚಿಕೊಂಡವು. ಮುಂದಿನ ಹೆಜ್ಜೆಗೆ ಜನ ಬಗ್ಗಿ ನೋಡಿದರು. ನನ್ನ ಮುಂದಿದ್ದ ಸಭ್ಯ ಮುದುಕರೊಬ್ಬರು ಹೆಚ್ಚು ಬಗ್ಗಿ ಟೋಪಿ ಬೀಳಿಸಿಕೊಂಡರು.

“ಯಾರದು ಈ ಉಡುಪು?” ಎಂದು ಯಾರೋ ಕೇಳಿದರು.

“ಯಸೋಜಿಯದ್ದಂತೆ. ಚಿತ್ರದಲ್ಲಿ ಹೆಸರಿದೆ. ಎಲ್ಲರೂ ಹದಿನೈದು ದಿನ ಮುಂದೆ ಹೋದ್ರೆ, ಆಸಾಮಿ ಋತುವನ್ನೇ ದಾಟಿ ಹೋದ ನೋಡಿ!”

ಆಗ ಗಾಳಿಗೆ ಒಂದೆರಡು ಎಸಳು ಉದುರಿ ಹಮಾಗಿನುವಿನ ಭುಜದ ಮೇಲೂ ಸೊಂಟದ ಪ್ರಾಂತ್ಯದಲ್ಲೂ ಕುಳಿತವು. ಊರು ಹಾ ಎಂದಿತು. ಯಸೋಜಿ ಕಣ್ಣು ಕಿರಿದು ಮಾಡಿ ನೋಡಿ, “ಎರಡನೇದು ಸ್ವಲ್ಪ ಎಡಕ್ಕೆ ಬೀಳ್ಬೇಕಿತ್ತು” ಎಂದು ಗೊಣಗಿದ.

ಚಿತ್ರಗಳು ಮೂರು ದಿನದಲ್ಲಿ ಮುಗಿದವು. ಇಹೆಯಿ ಮತ್ತೆ ಅಚ್ಚು ಹಾಕಿಸಿದರು; ಬಯ್ಯಲು ಇಟ್ಟುಕೊಂಡ ಹೆಸರನ್ನು ಈ ಸಲ ಇನ್ನಷ್ಟು ಕಪ್ಪಾಗಿ ಒತ್ತಿಸಿದರು. ಯಸೋಜಿ ಒಂದು ಪ್ರತಿಯನ್ನು ಮನೆಯ ಹಲಗೆಗೋಡೆಗೆ ಅಂಟಿಸಿದ. ಒಸೆಕಿ ಮುಖವನ್ನು ಹತ್ತಿರಕ್ಕೆ ಒಯ್ದು, ಅಂಚಿನ ಏಳು ಹೂಗಳಲ್ಲಿ ಒಂದರ ಮೇಲೆ ಬೆರಳಿಟ್ಟಳು.

“ಇದರ ನಡುವೆ ಕೇಸರಗಳಿಲ್ಲ. ಒಂದು ಗೆರೆ ಇದೆ. ತಪ್ಪಾಗಿ ಬರೆದಿದೀರಿ.”

“ತಪ್ಪಲ್ಲ. ಅದು ಸೂಜಿ.”

“ಸೂಜಿ ಯಾಕೆ?”

“ಹೊಲಿದವರ ಹೆಸರು ಹಾಕೋ ಪದ್ಧತಿ ಇಲ್ವಲ್ಲ” ಎಂದು ಅವನು ಕುಂಚ ತೊಳೆಯಲು ಹೋದ.

ಅವಳು ಮತ್ತೆ ಆ ಹೂವನ್ನು ಹತ್ತಿರದಿಂದ ನೋಡಿದಳು. “ಸೂಜಿಗೆ ಕಣ್ಣು ಬರೆದಿಲ್ಲ” ಎಂದಳು ಆಮೇಲೆ.

ಗೋಡೆಯ ಸಿದ್ಧಾಂತವನ್ನು ಯಸೋಜಿ ಇಂದಿಗೂ ಪೂರ್ತಿಯಾಗಿ ಒಪ್ಪಿಲ್ಲ. ಒಂದೇ ಜಾತಿಯ ಎರಡು ಗಿಡಗಳನ್ನು, ಒಂದನ್ನು ಬೆಚ್ಚಗೆ, ಒಂದನ್ನು ತಣ್ಣಗೆ ಇಟ್ಟು ನೋಡೋಣ ಎಂದು ನಾನು ಹೇಳಿದಾಗ, “ನೋಡಿ ಏನು ಮಾಡ್ತೀಯಾ? ಗೋಡೆಗೆ ಬಹುಮಾನ ಕೊಡ್ತೀಯಾ?” ಎಂದು ಸಿಡುಕಿದ. ಆದರೆ ಮುಂದಿನ ಚಳಿಗಾಲ, ಯುಜು ಹಣ್ಣಿನ ಸ್ನಾನದ ಮರುದಿನ, ಸ್ನಾನದ ಮನೆಯ ಆ ಬದಿಯಿಂದ ದೊಡ್ಡ ಗಲಾಟೆ ಕೇಳಿಸಿತು. ಹೆಂಗಸರ ಕಡೆಯ ಗೋಡೆಯ ಬುಡದಲ್ಲಿ ಯಸೋಜಿ ಕುಂಡವನ್ನು ಅಪ್ಪಿಕೊಂಡು ಕುಳಿತಿದ್ದ. ಕಿಟಕಿಯಿಂದ ಒಂದರ ಹಿಂದೊಂದು ಬಿಸಿನೀರಿನ ಚೊಂಬು ಅವನ ತಲೆಯ ಮೇಲೆ ಬರಿದಾಗುತ್ತಿತ್ತು.

“ಋತು ನೋಡ್ತಿದೀನಿ ತಾಯಂದಿರೇ! ಋತು ನೋಡ್ತಿದೀನಿ!” ಎಂದು ಅವನು ಕೂಗುತ್ತಿದ್ದ.

“ನೋಡು, ನೋಡು! ಬೇಸಿಗೆ ಬಂತು!” ಎಂದು ಒಳಗಿನಿಂದ ಇನ್ನೊಂದು ಚೊಂಬು ಬಂತು. ಅದನ್ನು ಹಿಡಿದ ಕೈ ಒಸೆಕಿಯದು.

ಹಿತ್ತಲಿನ ತಣ್ಣನೆಯ ಗೋಡೆಗೆ ಹೊಸದೊಂದು ಕುಂಡ ಒರಗಿತ್ತು. ಅದರ ಕೊಂಬೆಗೂ ಒಂದು ದಾರ, ದಾರದಲ್ಲಿ ಒಂದು ಗಂಟು. ಯಾರು ಇಟ್ಟದ್ದೆಂದು ಕೇಳಿದರೆ ಯಸೋಜಿ, ತನಗೆ ಗೊತ್ತಿಲ್ಲ, ಬೆಕ್ಕುಗಳನ್ನು ಕೇಳು ಎನ್ನುತ್ತಾನೆ.